ನೂರಾ ಮೂರು ಮೆಟ್ಟಿಲು

ನಾಲ್ಕು ಸಂಚಿಕೆಗಳಿಂದ ಈ ಅಂಕಣದಲ್ಲಿ ಬೆಟ್ಟದ ಸುದ್ದಿಯೇ ಇಲ್ಲ, ಬರೀ ಮೆಣಸಿನಕಾಯಿ ದರ, ಬೆಲ್ಲದ ದರ, ಪುಣೆಯ ಟ್ರಾಫಿಕ್ಕು ಅಂತ ನ್ಯೂಜೆರ್ಸಿಯ ಓದುಗರೊಬ್ಬರು ಬರೆದಿದ್ದಾರೆ. "ಗಡ ಹತ್ತುವುದನ್ನು ಬಿಟ್ಟಿರೇನು?" ಎಂದು ಕೇಳಿದ್ದಾರೆ. ಬಿಟ್ಟಿಲ್ಲ. ಕಾಲು ಉಳುಕಿತ್ತು. ಉಳುಕಿದ ಕಾಲಿನ ಬಗ್ಗೆ ಬರೆದರೆ ಯಾರು ಓದುತ್ತಾರೆ ಎಂದು ಸುಮ್ಮನಿದ್ದೆ. ಈಗ ನಮ್ಮ ನಮ್ಮಲ್ಲೇ ಎಷ್ಟು ಜನಕ್ಕೆ ಇದು ಆಗಿದೆ ಎಂದು ಗೊತ್ತಾದ ಮೇಲೆ ಬರೆಯೋಣ ಅನಿಸಿತು.

ಆದದ್ದು ಆಗಸ್ಟ್‌ನಲ್ಲಿ, ಸಿಂಹಗಡದ ಇಳಿಜಾರಿನಲ್ಲಿ. ಪುಣೆಯವರಿಗೆ ಸಿಂಹಗಡ ಎಂದರೆ ಧಾರವಾಡದವರಿಗೆ ಸಾಧನಕೇರಿ ಇದ್ದ ಹಾಗೆ, ಹೋಗಲು ಕಾರಣ ಬೇಕಿಲ್ಲ. ಸಮುದ್ರ ಮಟ್ಟದಿಂದ ಸುಮಾರು 1,300 ಮೀಟರ್ ಎತ್ತರ, ಬುಡದ ಆತಕರವಾಡಿಯಿಂದ ಮೇಲೆ ಸುಮಾರು 600 ಮೀಟರ್ ಏರು. ಮಳೆಗಾಲದಲ್ಲಿ ಕಪ್ಪು ಕಲ್ಲಿನ ಮೇಲೆ ಪಾಚಿ, ಅದರ ಮೇಲೆ ಕೆಂಪು ರಾಡಿ. ನಾನು ಕೋಲು ಊರಿಕೊಂಡು ಒಂದೊಂದೇ ಹೆಜ್ಜೆ ಇಳಿಯುತ್ತಿದ್ದೆ. ಮೇಲಿಂದ ಕಾಲೇಜು ಹುಡುಗರ ಗುಂಪು ಓಡುತ್ತಾ ಬಂತು, ಅವರ ಕಾಲಿಗೆ ಸಿಕ್ಕ ಕಲ್ಲೊಂದು ಉರುಳಿ ಬಂದು ನನ್ನ ಎಡಗಾಲಿನ ಕೆಳಗೇ ನಿಂತಿತು. ಪಾದ ಒಳಕ್ಕೆ ಹೊರಳಿತು. 'ಟಪ್' ಅಂತ ಸದ್ದು ಬಂದದ್ದು ನನಗೊಬ್ಬಳಿಗೇ ಕೇಳಿಸಿತೋ ಎಲ್ಲರಿಗೂ ಕೇಳಿಸಿತೋ ಗೊತ್ತಿಲ್ಲ. ಮಜ್ಜಿಗೆ ಮಾರುವ ಮಾವಶಿ ಮಾತ್ರ ಮಡಕೆ ಬಿಟ್ಟು ಎದ್ದು ಬಂದರು.

ಕೆಳಗೆ ಇಳಿಸಿದ್ದು, ರಿಕ್ಷಾ, ಆಸ್ಪತ್ರೆ, ಇವೆಲ್ಲ ಎಲ್ಲರಿಗೂ ಒಂದೇ ಥರ, ಬಿಡಿ. ಬಿಬವೇವಾಡಿಯ ಮೂಳೆ ಡಾಕ್ಟರು ಫೋಟೋ ತೆಗೆಸುವ ಮೊದಲು ಒಂದೇ ಮಾತು ಹೇಳಿದರು: "ನಾಲ್ಕು ಹೆಜ್ಜೆ ಇಡಿ ನೋಡೋಣ." ಇದಕ್ಕೆ ಒಟ್ಟಾವಾ ನಿಯಮ ಎನ್ನುತ್ತಾರಂತೆ. ಕೆನಡಾದ ಒಟ್ಟಾವಾದಲ್ಲಿ ವೈದ್ಯರು 1992ರಲ್ಲಿ ರೂಪಿಸಿದ್ದು. ನಾಲ್ಕು ಹೆಜ್ಜೆ ಇಡಲು ಬಂದರೆ, ಹರಡಿನ ಗಂಟಿನ ಹಿಂದೆ ಎಲುಬನ್ನು ಒತ್ತಿದಾಗ ನೋವಿಲ್ಲದಿದ್ದರೆ, ಎಲುಬು ಮುರಿದಿರುವ ಸಂಭವ ಬಹಳ ಕಡಿಮೆ, ಸುಮ್ಮಸುಮ್ಮನೆ ಎಕ್ಸ್‌ರೇ ಬೇಡ. ನಾನು ಎರಡನೇ ಹೆಜ್ಜೆಗೇ ಕೂತುಬಿಟ್ಟೆ. ಎಕ್ಸ್‌ರೇ ಆಯಿತು. ಎಲುಬು ಗಟ್ಟಿ ಇತ್ತು, ಹೊರಗಡೆಯ ಕಟ್ಟುನಾರು ಅರ್ಧ ಹರಿದಿತ್ತು. ಪಾದ ಒಳಕ್ಕೆ ಹೊರಳಿದಾಗ ಮೊದಲು ಹರಿಯುವುದು ಅದೇ.

ಮನೆಗೆ ಬಂದ ಮೇಲೆ ಔಷಧ ಹೇಳುವವರ ಸಾಲು. ಮೇಲಿನ ಮನೆಯ ಆಜಿ ಆಂಬೆಹಳದಿ ತೇಯ್ದು ತಂದರು. ಊರಿಂದ ಅವ್ವ ಫೋನಿನಲ್ಲಿ ರಕ್ತಬೋಳ ಹಚ್ಚು ಅಂದಳು. ಸೊಂಟ ಹಿಡಿದರೆ ಕಾಲು ಮುಂದಾಗಿ ಹುಟ್ಟಿದವರಿಂದ ತುಳಿಸಿಕೊಳ್ಳುವ ಪದ್ಧತಿ ಇಲ್ಲೂ ಇದೆ, ಮರಾಠಿಯಲ್ಲಿ ಅಂಥವರಿಗೆ 'ಪಾಯಾಳೂ' ಅನ್ನುತ್ತಾರೆ. ಕಾಲಿಗೂ ನಡೆಯುತ್ತದೆ, ಬಾಳೆಕಾಯಿ ಗಾಳಾದಲ್ಲಿ ಒಬ್ಬನಿದ್ದಾನೆ ಎಂದು ಅಂಗಡಿಯವರು ಹೇಳಿಕಳಿಸಿದರು. ಹಳದಿ ಹಚ್ಚಿಸಿಕೊಂಡೆ, ತುಳಿಸಿಕೊಳ್ಳಲಿಲ್ಲ. ಉಳಿದದ್ದು ಮಂಜುಗಡ್ಡೆ. ಅದರದ್ದೂ ಒಂದು ಕಥೆ ಇದೆ. ವಿಶ್ರಾಂತಿ, ಮಂಜು, ಬಿಗಿ ಪಟ್ಟಿ, ಕಾಲು ಎತ್ತರದಲ್ಲಿ, ಈ ನಾಲ್ಕರ ಸೂತ್ರವನ್ನು 1978ರಲ್ಲಿ ಬರೆದವರು ಗೇಬ್ ಮಿರ್ಕಿನ್ ಎಂಬ ಅಮೆರಿಕದ ವೈದ್ಯರು. 2014ರಲ್ಲಿ ಅವರೇ, ಮಂಜೂ ಪೂರ್ತಿ ವಿಶ್ರಾಂತಿಯೂ ಗುಣವಾಗುವುದನ್ನು ತಡ ಮಾಡಬಹುದು ಎಂದು ಬರೆದರು. ಬಾವು ಎನ್ನುವುದು ದೇಹ ತಾನೇ ಮಾಡುವ ರಿಪೇರಿ ಕೆಲಸದ ಭಾಗ ಎನ್ನುವುದು ಈಗಿನ ವಾದ. ನೋವು ತಡೆಯಲಾಗದಾಗ ಸ್ವಲ್ಪ ಹೊತ್ತು ಮಂಜು ಇಡಿ, ಮೂರ್ನಾಲ್ಕು ದಿನದಲ್ಲಿ ನಿಧಾನ ಕಾಲೂರಲು ಶುರು ಮಾಡಿ ಎಂದರು ನಮ್ಮ ಫಿಸಿಯೋ ಹುಡುಗಿ.

ಆ ಹುಡುಗಿ ಕೊಟ್ಟ ಮೊದಲ ಪಾಠ ನನಗೆ ಬಹಳ ಇಷ್ಟವಾಯಿತು. ಕುರ್ಚಿಯಲ್ಲಿ ಕೂತು, ಕಾಲನ್ನು ಗಾಳಿಯಲ್ಲಿ ಎತ್ತಿ, ಹೆಬ್ಬೆರಳನ್ನೇ ಬಳಪ ಮಾಡಿಕೊಂಡು ಇಂಗ್ಲಿಷಿನ ಇಪ್ಪತ್ತಾರು ಅಕ್ಷರ ಬರೆಯಬೇಕು. ನಾನು ಅ ಆ ಇ ಈ ಬರೆದೆ. ಇಂಗ್ಲಿಷಿನಲ್ಲಿ ನೆಟ್ಟಗೆ ಗೆರೆಗಳೇ ಹೆಚ್ಚು. ನಮ್ಮ ಅಕ್ಷರಗಳು ಸುತ್ತಿ ಸುತ್ತಿ ಬರುತ್ತವೆ. 'ಋ' ಬರೆಯುವಷ್ಟರಲ್ಲಿ ಹರಡು ನಾಲ್ಕೂ ದಿಕ್ಕಿಗೆ ತಿರುಗಿ ಬರುತ್ತದೆ. 'ಞ' ಬರೆಯಲು ಎರಡು ವಾರ ಬೇಕಾಯಿತು. ಕನ್ನಡ ಶಾಲೆ ನಡೆಸುವ ಗೆಳತಿಗೆ ಹೇಳಿದರೆ, ಮುಂದಿನ ವರ್ಷ ಮಕ್ಕಳಿಗೂ ಹೀಗೇ ಕಲಿಸುತ್ತೇನೆ ಎಂದು ನಕ್ಕಳು.

ಹತ್ತನೇ ದಿನ ಅಂಗಡಿಗೆ ಹೋದೆ. ಹೊಸ ಓದುಗರಿಗೆ ಹೇಳಬೇಕು, ನಾನು ಮಾರ್ಕೆಟ್ ಯಾರ್ಡಿನ ಭುಸಾರ್ ವಿಭಾಗದಲ್ಲಿ ಒಂದು ದಲಾಲಿ ಅಂಗಡಿಯ ಲೆಕ್ಕ ಬರೆಯುವವಳು. ಬ್ಯಾಡಗಿಯ ಮೆಣಸಿನಕಾಯಿ, ನಮ್ಮ ಕಡೆಯ ಬೆಲ್ಲ, ಹುಣಸೆ, ಎಲ್ಲ ನನ್ನ ಪುಸ್ತಕದ ಮೂಲಕವೇ ಹಾಯುತ್ತವೆ. ಅಂಗಡಿಯ ಮುಂದೆ ಚೀಲ ಇಳಿಸುವವರಲ್ಲಿ ಒಬ್ಬರು ವಿಜಯಪುರ ಜಿಲ್ಲೆಯವರು. ಯಾರ್ಡಿನಲ್ಲಿ ಜನರನ್ನು ಊರ ಹೆಸರಿನಿಂದಲೇ ಕರೆಯುವುದು, ಹಾಗಾಗಿ ಅವರು ಎಲ್ಲರಿಗೂ 'ಸಿಂದಗಿ'. ನನಗೆ ಸಿಂದಗಿ ಅಣ್ಣ. ನಾನು ಪಟ್ಟಿ ಕಟ್ಟಿದ ಕಾಲನ್ನು ಸ್ಟೂಲಿನ ಮೇಲಿಟ್ಟು ಕೂತಿದ್ದು ನೋಡಿ ಹತ್ತಿರ ಬಂದರು.

"ಅಕ್ಕಾರ, ಕಾಲ ಹೊಳ್ಳಿತೇನ್ರಿ?"

"ಹೂಂ ಅಣ್ಣಾ. ಆರು ವಾರ ಅಂದಾರ."

"ಆರ ವಾರ!" ಎಂದು ನಕ್ಕರು. "ನನ್ನದು ಹನ್ನೊಂದ ವರ್ಷ ಆತ್ರಿ. ತಿಂಗಳಿಗೊಮ್ಮೆ ಹೊಳ್ಳೇ ಹೊಳ್ಳತೈತಿ. ಈಗ ಬ್ಯಾನಿನೂ ಆಗೂದಿಲ್ಲ, ಬರೇ ಹೊಳ್ಳತೈತಿ."

ಲಾರಿಯಿಂದ ಬೆಲ್ಲದ ಪೆಂಟಿ ಇಳಿಸುವಾಗ ಹಲಗೆ ಜಾರಿ ಮೊದಲ ಸಲ ಉಳುಕಿದ್ದು. ಎರಡು ದಿನ ಮಲಗಿದ್ದರು, ಮೂರನೇ ದಿನ ಪಟ್ಟಿ ಕಟ್ಟಿಕೊಂಡು ಬಂದರು. ಹಮಾಲಿ ಚೀಲದ ಲೆಕ್ಕದಲ್ಲಿ ಸಿಗುವುದು; ಹೊರದ ಚೀಲಕ್ಕೆ ದುಡ್ಡಿಲ್ಲ. ನನ್ನ ಮಾತು ಬೇರೆ. ಲೆಕ್ಕ ಬರೆಯುವ ಕೈಗೆ ಏನೂ ಆಗಿರಲಿಲ್ಲ, ಕೂತಲ್ಲೇ ಸಂಬಳ ಬರುತ್ತಿತ್ತು.

ಪುಣೆಯ ಹಮಾಲರಿಗೆ ಯಾರೂ ಇರಲಿಲ್ಲ ಎಂದಲ್ಲ. ಡಾ. ಬಾಬಾ ಆಢಾವ್ 1950ರ ದಶಕದಲ್ಲಿ ಇಲ್ಲಿ ಕಟ್ಟಿದ ಹಮಾಲ ಪಂಚಾಯತ್ ದೇಶಕ್ಕೇ ಮಾದರಿಯಾದ ಸಂಘಟನೆ. ಅವರು ನಡೆಸಿದ 'ಕಷ್ಟಾಚೀ ಭಾಕರ್' ಊಟದ ಕಟ್ಟೆಗಳಲ್ಲಿ ನಾನೂ ಎಷ್ಟೋ ಸಲ ಉಂಡಿದ್ದೇನೆ. 1969ರಲ್ಲಿ ಮಹಾರಾಷ್ಟ್ರ ಮಾಥಾಡಿ ಕಾಯ್ದೆ ತಂದಿತು, ತಲೆ ಮೇಲೆ ಹೊರುವವರಿಗೂ ಮಂಡಳಿ, ಭವಿಷ್ಯ ನಿಧಿ, ಗ್ರಾಚ್ಯುಯಿಟಿ ಇವೆ. ಆದರೆ ಅವೆಲ್ಲ ನೋಂದಾಯಿತ ಟೋಳಿಯಲ್ಲಿ ಹೆಸರಿದ್ದವರಿಗೆ. ಸಿಂದಗಿ ಅಣ್ಣ ಬದಲಿ ಆಳು, ಊರಿನವರೊಬ್ಬರ ಜಾಗದಲ್ಲಿ ಬಂದು ನಿಂತವರು. ಅವರ ಹರಡು ಯಾವ ಪುಸ್ತಕದಲ್ಲೂ ಇಲ್ಲ.

ಅವರ ಮಾತು ನನಗೆ ಹೆದರಿಕೆ ಹುಟ್ಟಿಸಿತು. ನೋವಾಗದೆ ಹೊರಳುವುದು ಎಂದರೇನು? ಫಿಸಿಯೋ ಹುಡುಗಿಯನ್ನು ಕೇಳಿದೆ. ಅವಳು ಹೇಳಿದ್ದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ. ಕಟ್ಟುನಾರು ಬರೀ ಹಗ್ಗವಲ್ಲ. ಅದರೊಳಗೆ ಪಾದ ಎತ್ತ ವಾಲಿದೆ ಎಂದು ಮಿದುಳಿಗೆ ಸುದ್ದಿ ಮುಟ್ಟಿಸುವ ನರಗಳಿವೆ. ನಾರು ಹರಿದಾಗ ಆ ಸುದ್ದಿಯ ತಂತಿಯೂ ಹರಿಯುತ್ತದೆ. ಬಾವು ಇಳಿಯುತ್ತದೆ, ನಾರು ಕೂಡುತ್ತದೆ, ಆದರೆ ಸುದ್ದಿ ತಡವಾಗಿ ಮುಟ್ಟುತ್ತದೆ. ಅಷ್ಟರಲ್ಲಿ ಪಾದ ಮತ್ತೆ ಹೊರಳಿರುತ್ತದೆ. ಇಂಗ್ಲೆಂಡಿನ ಫ್ರೀಮನ್ ಎಂಬ ಸರ್ಜನ್ 1965ರಲ್ಲೇ ಇದನ್ನು ಬರೆದು, ಅಲುಗುವ ಹಲಗೆಯ ಮೇಲೆ ನಿಲ್ಲಿಸಿ ಕಾಲಿಗೆ ಮತ್ತೆ ಪಾಠ ಹೇಳಬೇಕು ಎಂದಿದ್ದರು. ಔಷಧವಿಲ್ಲ, ಮಷೀನೂ ಬೇಡ. ಒಂಟಿ ಕಾಲಲ್ಲಿ ನಿಲ್ಲಬೇಕು. ಮೊದಲು ಗೋಡೆ ಹಿಡಿದು, ಆಮೇಲೆ ಬಿಟ್ಟು, ಆಮೇಲೆ ಕಣ್ಣು ಮುಚ್ಚಿ, ಕೊನೆಗೆ ದಿಂಬಿನ ಮೇಲೆ. ನಾನು ಹಲ್ಲುಜ್ಜುವಾಗ ನಿಲ್ಲುತ್ತೇನೆ. ಕಣ್ಣು ಮುಚ್ಚಿದ ಕೂಡಲೇ ಸರಿಯಾದ ಕಾಲೂ ಕುಡಿದವರ ಹಾಗೆ ಅಲ್ಲಾಡುತ್ತದೆ, ಮಾಡಿ ನೋಡಿ. ಹತ್ತಿರ ಗೋಡೆ ಇರಲಿ.

ನವೆಂಬರ್ ಬಂತು. ಚಳಿ ಬಿದ್ದಿತು, ವಾಟ್ಸಾಪ್ ಗುಂಪಿನಲ್ಲಿ ಕಾತ್ರಜದಿಂದ ಸಿಂಹಗಡಕ್ಕೆ ಬೆಳದಿಂಗಳ ಟ್ರೆಕ್ಕಿನ ಮಾತು ಶುರುವಾಯಿತು. ರಾತ್ರಿಯಿಡೀ ಗುಡ್ಡ ಹತ್ತು, ಗುಡ್ಡ ಇಳಿ, ಅದೊಂದು ಡಜನ್‌ಗೂ ಹೆಚ್ಚು ಸಲ. ನಾನು ಆ ಮೆಸೇಜುಗಳನ್ನು ಓದಿ ಫೋನು ಮಗುಚಿಟ್ಟು ಪರ್ವತಿಗೆ ಹೋದೆ.

ಪರ್ವತಿ ಮಾರ್ಕೆಟ್ ಯಾರ್ಡಿಗೆ ಹತ್ತಿರದ ಗುಡ್ಡ. ಮೇಲಿನ ದೇವದೇವೇಶ್ವರ ಗುಡಿ ಕಟ್ಟಿಸಿದ್ದು ನಾನಾಸಾಹೇಬ ಪೇಶ್ವೆ, 1749ರಲ್ಲಿ. ಮೆಟ್ಟಿಲು ನೂರಾ ಮೂರು, ಅಗಲವಾಗಿವೆ, ಹೆಜ್ಜೆ ಅಳೆದು ಇಡಬೇಕಾದಷ್ಟು. ಬೆಳಗಿನ ಆರಕ್ಕೆ ಅಲ್ಲಿ ಅರ್ಧ ಪುಣೆ ಇರುತ್ತದೆ: ಹತ್ತು ಸುತ್ತು ಹಾಕುವ ಪೈಲ್ವಾನರು, ಮಂಕಿಟೋಪಿಯ ಕಾಕಾಗಳು, ಪೊಲೀಸ್ ಭರ್ತಿಗೆ ತಯಾರಾಗುವ ಹುಡುಗಿಯರು. ಮೊದಲ ದಿನ ಮೂವತ್ತು ಮೆಟ್ಟಿಲು ಹತ್ತಿ ನಿಂತೆ. ಹತ್ತಲು ಏನೂ ತೊಂದರೆ ಇರಲಿಲ್ಲ. ತಿರುಗಿ ಕೆಳಗೆ ನೋಡಿದಾಗ ಎಡಗಾಲು ಮುಂದಕ್ಕೆ ಬರಲೇ ಒಲ್ಲೆ ಎಂದಿತು. ನೋವಲ್ಲ, ಹೆದರಿಕೆ. ಎಂಬತ್ತರ ಆಸುಪಾಸಿನ ಕಾಕಾ ಒಬ್ಬರು ಪಕ್ಕದಲ್ಲಿ ಇಳಿಯುತ್ತಾ, "ಸಾವಕಾಶ್, ಬಾಯಿ" ಎಂದು ಮುಂದೆ ಹೋದರು. ನಾನು ಮೂವತ್ತು ಮೆಟ್ಟಿಲನ್ನೂ ಚಿಕ್ಕ ಮಕ್ಕಳ ಹಾಗೆ ಎರಡೂ ಕಾಲು ಕೂಡಿಸಿ ಕೂಡಿಸಿ ಇಳಿದೆ.

ಇಳಿಯುವುದೇ ಯಾಕೆ ಕಷ್ಟ ಎನ್ನುವುದಕ್ಕೆ ಎಲುಬಿನಲ್ಲೇ ಕಾರಣ ಇದೆ. ಕಣಕಾಲಿನ ಎರಡು ಎಲುಬುಗಳ ಕವೆಯಲ್ಲಿ ಕೂರುವ ಟೇಲಸ್ ಎಂಬ ಎಲುಬು ಮುಂದೆ ಅಗಲ, ಹಿಂದೆ ಸಪೂರ. ಏರುವಾಗ ಪಾದದ ಮುಂಭಾಗ ಮೇಲಕ್ಕೆ ಬಾಗಿರುತ್ತದೆ, ಅಗಲದ ಭಾಗ ಕವೆಯಲ್ಲಿ ಬೆಣೆ ಹೊಡೆದ ಹಾಗೆ ಬಿಗಿಯುತ್ತದೆ. ಇಳಿಯುವಾಗ ಬೆರಳು ಕೆಳಕ್ಕೆ ಚಾಚುತ್ತವೆ, ಸಪೂರ ಭಾಗ ಕವೆಗೆ ಬರುತ್ತದೆ, ಕೀಲು ಸಡಿಲ. ಮೇಲಿಂದ ಮೈಯ ಭಾರವನ್ನು ತಡೆದು ತಡೆದು ಬಿಡಬೇಕಾದ್ದರಿಂದ ಸ್ನಾಯುಗಳೂ ಬೇಗ ದಣಿಯುತ್ತವೆ. ಗುಡ್ಡದಲ್ಲಿ ಕಾಲು ಉಳುಕಿಸಿಕೊಂಡ ನನ್ನ ಪರಿಚಯದ ಎಲ್ಲರದ್ದೂ ಇಳಿಯುವಾಗ ಆದದ್ದೇ. ಆದರೂ ನಮ್ಮ ಮಾತೆಲ್ಲ 'ಎಷ್ಟು ಹೊತ್ತಿನಲ್ಲಿ ಹತ್ತಿದಿರಿ' ಎಂಬುದರ ಬಗ್ಗೆಯೇ. ಎಷ್ಟು ಹೊತ್ತಿನಲ್ಲಿ ಇಳಿದಿರಿ ಎಂದು ಯಾರೂ ಕೇಳುವುದಿಲ್ಲ.

ನೂರಾ ಮೂರೂ ಮೆಟ್ಟಿಲು ಹತ್ತಿ, ಒಂದು ಕಾಲಿನ ನಂತರ ಇನ್ನೊಂದು ಕಾಲಿಟ್ಟು ಇಳಿಯಲು ನಾಲ್ಕು ವಾರ ಹಿಡಿಯಿತು. ಆಮೇಲೆ ತಳಜಾಯಿ. ಅಲ್ಲಿ ಮಣ್ಣಿನ ದಾರಿ, ಮರ, ನವಿಲಿನ ಕೂಗು, ಅಲ್ಲಲ್ಲಿ ಸಡಿಲ ಮುರುಮು. ಸಪಾಟು ನೆಲದಲ್ಲಿ ಕಲಿತದ್ದು ಮುರುಮಿನ ಮೇಲೆ ಅರ್ಧ ಮರೆತುಹೋಗುತ್ತದೆ, ಮತ್ತೆ ಕಲಿಯಬೇಕು. ಬೆಳದಿಂಗಳ ಟ್ರೆಕ್ಕಿಗೆ ಬರುವುದಿಲ್ಲ ಎಂದು ಗುಂಪಿಗೆ ತಿಳಿಸಿದೆ. ಎರಡನೇ ಸಲ ಉಳುಕಿದರೆ ಮೂರನೆಯದ್ದು ಇನ್ನೂ ಸುಲಭ ಎಂದು ಡಾಕ್ಟರು ಹೇಳಿದ್ದರು, ಹನ್ನೊಂದು ವರ್ಷದ ಲೆಕ್ಕ ನನ್ನ ಕಣ್ಣ ಮುಂದೆಯೇ ಚೀಲ ಹೊರುತ್ತಿತ್ತು.

ಜನವರಿಯಲ್ಲಿ ಸಿಂಹಗಡಕ್ಕೆ ಹೋದೆ. ಆತಕರವಾಡಿಯಿಂದ ಹತ್ತಿದೆ, ಮೊದಲಿಗಿಂತ ನಿಧಾನ. ಮಜ್ಜಿಗೆ ಮಾವಶಿ ಗುರುತು ಹಿಡಿದು, "ಪಾಯ ಬರಾ ಝಾಲಾ ಕಾ?" ಎಂದು ಕೇಳಿ ದುಡ್ಡು ತೆಗೆದುಕೊಳ್ಳಲಿಲ್ಲ. ಮೇಲೆ ಪಿಠ್ಲ ಭಾಕರಿ ತಿಂದೆ. ನಮ್ಮ ಜುಣಕಕ್ಕೂ ಇದಕ್ಕೂ ಇರುವ ವ್ಯತ್ಯಾಸದ ಬಗ್ಗೆ ಜಗಳವಾಡುವವರು ಮುಂದಿನ ಸಂಚಿಕೆಗೆ ಬರೆಯಿರಿ. ಇಳಿಯಲು ಜೀಪು ಹಿಡಿದೆ. ಗುಂಪಿನವರು ನಕ್ಕರು. ನಗಲಿ, ಗಡದ ಮೇಲೆ ಗಾಡಿ ಬರುವ ರಸ್ತೆ ಇರುವಾಗ ಅದನ್ನು ಬಳಸಲು ಸಂಕೋಚ ಯಾಕೆ? ನಡೆದು ಇಳಿಯುವುದು ಮಾರ್ಚಿಗೆ ಇಟ್ಟುಕೊಂಡಿದ್ದೇನೆ, ಒಣ ದಾರಿಯಲ್ಲಿ, ಎರಡು ಕೋಲಿನೊಂದಿಗೆ, ಜನ ಕಡಿಮೆ ಇರುವ ದಿನ ನೋಡಿ.

ಸಿಂದಗಿ ಅಣ್ಣನಿಗೆ ಒಂಟಿ ಕಾಲಿನ ಪಾಠ ಹೇಳಿದ್ದು ಕಳೆದ ವಾರ. ಇಷ್ಟು ವರ್ಷ ಆದ ಮೇಲೂ ಪ್ರಯೋಜನ ಆಗುತ್ತದಾ ಎಂದು ಫಿಸಿಯೋ ಹುಡುಗಿಯನ್ನು ಮೊದಲೇ ಕೇಳಿಕೊಂಡಿದ್ದೆ. ಆಗುತ್ತದೆ, ದಿನಾ ಮಾಡಿದರೆ, ಆದರೆ ಒಂದು ಸಲ ಕರೆದುಕೊಂಡು ಬನ್ನಿ, ಕಾಲು ನೋಡಬೇಕು ಎಂದಳು. ಬರಲು ಅವರು ಒಪ್ಪಲಿಲ್ಲ. ಅರ್ಧ ದಿನದ ಹಮಾಲಿ ಹೋಗುತ್ತದೆ. ಹಾಗಾದರೆ ಇಲ್ಲೇ ನಿಲ್ಲಿ ಎಂದೆ.

"ಅಕ್ಕಾರ, ಮಂದಿ ನಗತಾರ್ರಿ."

"ನಗಲಿ. ನನಗೂ ನಕ್ಕಾರ."

ಚಪ್ಪಲಿ ಬಿಟ್ಟು, ತೂಕದ ಕಾಟಾ ಹಿಡಿದು, ಬಲಗಾಲು ಎತ್ತಿದರು. ಆಮೇಲೆ ಕೈ ಬಿಟ್ಟರು. ನಲವತ್ತು ವರ್ಷ ದಾಟಿದ, ಹೆಗಲ ಮೇಲೆ ಚೀಲ ಹೊತ್ತು ಹಲಗೆ ಮೇಲೆ ಓಡಾಡುವ ಮನುಷ್ಯ, ಬರಿಗೈಯಲ್ಲಿ ಮೂರು ಎಣಿಸುವಷ್ಟರಲ್ಲಿ ಕಾಲು ಕೆಳಗಿಟ್ಟರು. ಅವರಿಗೇ ಆಶ್ಚರ್ಯ. ಮತ್ತೆ ನಿಂತರು, ಏಳು. ಟೋಳಿಯ ಹುಡುಗರು ಸುತ್ತ ಸೇರಿ ಮರಾಠಿಯಲ್ಲಿ ಎಣಿಸತೊಡಗಿದರು. ಹದಿನಾಲ್ಕಕ್ಕೆ ಬಂದಾಗ ಹೊಸ ಸುಗ್ಗಿಯ ಮೆಣಸಿನಕಾಯಿ ಹೊತ್ತ ಬ್ಯಾಡಗಿಯ ಲಾರಿ ಹಿಂದಕ್ಕೆ ಬರುತ್ತಾ ಹಾರ್ನ್ ಹೊಡೆಯಿತು. ಅವರು ಕಾಲು ಇಳಿಸಿ, ಟವಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು, "ನಾಳೆ ಇಪ್ಪತ್ತ ಮಾಡತೀನ್ರಿ ಅಕ್ಕಾರ" ಎಂದು ಹೋದರು. ನಾನು ಚೀಲ ಎಣಿಸಲು ಪುಸ್ತಕ ತೆಗೆದೆ.