ಸೆರೆಯಿಂದ ಬರುವ ಓಲೆ
ಸಂತೆಬಾಚಹಳ್ಳಿಯ ಜಗಲಿಯ ಮೇಲೆ ಕುಳಿತು, ಸೈನ್ಯಕ್ಕೆ ಹೋದ ಮಗನ ಕಾಗದಕ್ಕಾಗಿ ಅಂಚೆಯವನ ಹಾದಿಯನ್ನು ಕಾಯುವವರಿಗೆ ಕಾಲವೆಷ್ಟು ಭಾರವೆಂಬುದನ್ನು ನಾನು ವಿವರಿಸಬೇಕಾದುದಿಲ್ಲ. 1965ರ ಸೆಪ್ಟೆಂಬರ್ 22ರಂದು, ಯುದ್ಧವಿರಾಮಕ್ಕೆ ಒಂದು ದಿನವೂ ಉಳಿಯದಿರುವಾಗ, ಹಂಟರ್ ವಿಮಾನವು ಗುಂಡಿನೇಟಿಗೆ ಉರುಳಿ ಪಾಕಿಸ್ತಾನದ ಸೆರೆಗೆ ಸಿಕ್ಕಿದ ಫ್ಲೈಟ್ ಲೆಫ್ಟಿನೆಂಟ್ ನಂದಾ ಕಾರ್ಯಪ್ಪನವರ ತಂದೆ, ಮಡಿಕೇರಿಯಲ್ಲಿ ವಿಶ್ರಾಂತರಾಗಿದ್ದ ಜನರಲ್ ಕೆ.ಎಂ. ಕಾರ್ಯಪ್ಪನವರಿಗೂ ಅದೇ ಭಾರವಿದ್ದಿರಬೇಕು. 1949ರ ಜಿನೀವಾ ಒಪ್ಪಂದವು ಯುದ್ಧಕೈದಿಗೆ ಶಿಬಿರವನ್ನು ಸೇರಿದ ವಾರದೊಳಗೆ ಮನೆಗೊಂದು ಕಾರ್ಡನ್ನೂ, ಆಮೇಲೆ ತಿಂಗಳಿಗೆ ಕನಿಷ್ಠ ಎರಡು ಕಾಗದ, ನಾಲ್ಕು ಕಾರ್ಡುಗಳನ್ನೂ ಅಂಚೆವೆಚ್ಚವಿಲ್ಲದೆ ಬರೆಯುವ ಹಕ್ಕನ್ನು ಕೊಟ್ಟಿದೆ. ಕಾಗದಗಳನ್ನು ಪರಿಶೀಲಿಸುವ ಅಧಿಕಾರಿಯ ಕಣ್ಣಿಗೂ ಮನೆಯವರ ಕಣ್ಣಿಗೂ ಒಟ್ಟಿಗೆ ಬರೆಯಬೇಕಾದ ಆ ಪಂಕ್ತಿಗಳಲ್ಲಿ ‘ಕ್ಷೇಮ’ ಎಂಬುದೊಂದನ್ನುಳಿದು ಮತ್ತೇನು ತಾನೇ ಹಿಡಿದೀತು! ಆದರೆ ಈ ತಂದೆಗೆ ಬೇರೆಯೇ ಬಗೆಯ ಸಂದೇಶವೊಂದು ಬಂದಿತು: ದೇಶವಿಭಜನೆಗೆ ಮುನ್ನ ಅವರ ಕೈಕೆಳಗೆ ದುಡಿದಿದ್ದ, ಆಗ ಪಾಕಿಸ್ತಾನದ ಅಧ್ಯಕ್ಷರಾಗಿದ್ದ ಅಯೂಬ್ ಖಾನರು, ಮಗನನ್ನು ಬಿಡುಗಡೆ ಮಾಡಲು ಸಿದ್ಧವೆಂದು ತಿಳುಹಿಸಿದರು. ಸೆರೆಯಲ್ಲಿರುವ ಸಿಪಾಯಿಗಳೆಲ್ಲರೂ ತಮ್ಮ ಮಕ್ಕಳೇ, ಎಲ್ಲರನ್ನೂ ಸಮನಾಗಿ ನೋಡಿಕೊಳ್ಳಿರೆಂಬುದೇ ಕಾರ್ಯಪ್ಪನವರ ಉತ್ತರವಾಯಿತು. ದೊಡ್ಡ ಮಾತೇ ಸರಿ; ಆದರೂ ಆ ರಾತ್ರಿ ಅವರಿಗೆ ನಿದ್ರೆ ಬಂದಿತೋ ಇಲ್ಲವೋ, ಯಾರು ಬಲ್ಲರು? ಮಗನು ಇತರ ಕೈದಿಗಳೊಡನೆಯೇ, 1966ರ ಜನವರಿಯಲ್ಲಿ ಸ್ವದೇಶಕ್ಕೆ ಮರಳಿದನು.