ಕಣಜದ ಗೂಡಿಗೆ ಕೊಳ್ಳಿ, ಕೂಲಿಯವಳಿಗೆ ಬರಿಗಾಲು

ಮಲೆನಾಡಿನ ಅಡಿಕೆ ತೋಟದಲ್ಲಿ ಕಣಜದ ಗೂಡೊಂದು ಕಂಡರೆ ಸಾಕು, ಸಂಜೆಯೊಳಗೆ ಕೊಳ್ಳಿ ಸಿದ್ಧವಾಗುತ್ತದೆ. ಕೊಳ್ಳಿ ಹಿಡಿಯುವ ಧೈರ್ಯವಿಲ್ಲದವರು ಪೇಟೆಯಿಂದ ಕೀಟನಾಶಕದ ಬಾಟಲಿ ತರುತ್ತಾರೆ. ಇದಕ್ಕೆ ‘ರಕ್ಷಣೆ’ ಎಂದು ಹೆಸರು. ಅದೇ ತೋಟಕ್ಕೆ ಸೊಪ್ಪಿನ ಬೆಟ್ಟದಿಂದ ದರಗು ಹೊತ್ತು ತರುವ ಹೆಂಗಸಿನ ಕಾಲಿಗೆ ನೆಟ್ಟಗಿನ ಚಪ್ಪಲಿಯೂ ಇಲ್ಲ. ಅವಳ ರಕ್ಷಣೆಯ ಬಾಬ್ತು ತೋಟದ ಖರ್ಚಿನ ಪುಸ್ತಕದ ಯಾವ ಪುಟದಲ್ಲಿದೆ?

ಕಣಜದ ಕಡಿತ ಹಗುರವಾದುದೆಂದು ಯಾರೂ ವಾದಿಸುತ್ತಿಲ್ಲ. ಜೇನ್ನೊಣ ಒಮ್ಮೆ ಚುಚ್ಚಿ ಮುಳ್ಳನ್ನು ಚರ್ಮದಲ್ಲೇ ಬಿಟ್ಟು ಸಾಯುತ್ತದೆ; ಕಣಜ ಮತ್ತೆ ಮತ್ತೆ ಚುಚ್ಚಬಲ್ಲದು. ಕಡಿತದ ನಂತರ ತುಟಿ, ಮುಖ ಊದಿ ಉಸಿರು ಕಟ್ಟಿದರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಓಡಬೇಕು. ಆದರೆ ಬೆಳೆ ತಿನ್ನುವ ಹುಳುಗಳನ್ನು ಹಿಡಿದು ತನ್ನ ಮರಿಗಳಿಗೆ ಉಣಿಸುವುದೂ ಇದೇ ಕಣಜ. ಗೂಡಿಗೆಂದು ಸಿಂಪಡಿಸಿದ ಪೈರೆಥ್ರಾಯ್ಡ್ ವಿಷ ತುಡುವೆ ಜೇನನ್ನೂ ಕೊಲ್ಲುತ್ತದೆ. ಹಳ್ಳ ಸೇರಿದರೆ ಮೀನನ್ನೂ ಬಿಡದು. ಏಲಕ್ಕಿಯ ಪರಾಗಸ್ಪರ್ಶಕ್ಕೆ ಜೇನನ್ನೇ ನಂಬಿದ ತೋಟಿಗ ಜೇನಿಗೇ ವಿಷವಿಕ್ಕುವುದು ಎಂಥ ಬುದ್ಧಿವಂತಿಕೆ? ಮನೆಯ ಬಾಗಿಲಲ್ಲೋ ಶಾಲೆಯ ಸೂರಿನಲ್ಲೋ ಕಟ್ಟಿದ ಗೂಡನ್ನು ಅನುಭವಿಗಳಿಂದ ತೆಗೆಸಬೇಕಾದೀತು. ತೋಟದ ಮೂಲೆಯ ಗೂಡಿಗಾದರೆ ದೂರದಲ್ಲೊಂದು ಗುರುತಿನ ಬಟ್ಟೆ ಕಟ್ಟಿ, ಕೆಲಸದವರಿಗೆಲ್ಲ ತಿಳಿಸಿ, ಆ ಬದಿಗೆ ಕಳೆ ಕೊಚ್ಚುವ ಯಂತ್ರ ಒಯ್ಯದಿದ್ದರೆ ಸಾಕು.

ಕಣ್ಣಿಗೆ ಬೀಳುವ ಶತ್ರುವಿನ ಮೇಲೆ ಇಷ್ಟೆಲ್ಲ ಆರ್ಭಟ. ಕಾಣದ ಶತ್ರು ದರಗಿನ ಅಡಿಯಲ್ಲಿದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಬೆಳಕಿಗೆ ಬಂದ ಮಂಗನ ಕಾಯಿಲೆಯನ್ನು ಮನುಷ್ಯರಿಗೆ ದಾಟಿಸುವುದು ಉಣುಗು. ಎಂಟು ಕಾಲಿನ ಉಣುಗು ಶಾಸ್ತ್ರೀಯವಾಗಿ ಕೀಟವಲ್ಲ, ಜೇಡನ ಬಳಗದ್ದು. ಕಚ್ಚಿಸಿಕೊಂಡವರಿಗೆ ಆ ವಿಂಗಡಣೆಯಿಂದ ಸಮಾಧಾನವೇನೂ ಇಲ್ಲ. ಎಳ್ಳುಕಾಳಿಗಿಂತ ಚಿಕ್ಕದಾದ ಅದರ ಮರಿಗಳು ಮಳೆಗಾಲ ಕಳೆದು ಬೇಸಿಗೆ ಮುಗಿಯುವವರೆಗೆ ಕಾಡಿನ ನೆಲದಲ್ಲಿ ಹೊಂಚಿರುತ್ತವೆ. ತೋಟಕ್ಕೆ ದರಗು ಗುಡಿಸುವ ಕಾಲವೂ ಅದೇ. 2019ರಲ್ಲಿ ಸಾಗರ ತಾಲೂಕಿನ ಅರಳಗೋಡು ಭಾಗ ಈ ಜ್ವರಕ್ಕೆ ತನ್ನವರನ್ನು ಕಳೆದುಕೊಂಡಿತು. ದಶಕಗಳ ಕಾಲ ನೀಡುತ್ತಿದ್ದ ಲಸಿಕೆಯ ಪರಿಣಾಮ ಸಾಲದೆಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಬಂದ ಜ್ವರವನ್ನು ನೇರವಾಗಿ ಗುಣಪಡಿಸುವ ಔಷಧಿಯಿಲ್ಲ.

ಹಾಗಿರುವಾಗ ಮೈ ಮುಚ್ಚುವ ಬಟ್ಟೆಯೇ ಮೊದಲ ಮದ್ದು. ಸೀರೆಯ ಮೇಲೆ ಗಂಡನ ಹಳೆಯ ಅಂಗಿ ತೊಟ್ಟು ಬೆಟ್ಟ ಹತ್ತುವ ಹೆಂಗಸರು ಅರ್ಧ ದಾರಿಯನ್ನು ತಾವೇ ಕಂಡುಕೊಂಡಿದ್ದಾರೆ. ಉಳಿದರ್ಧ ಮಾಲೀಕರ ಹೊಣೆ: ತುಂಬುತೋಳಿನ ಅಂಗಿ, ಕಾಲುಚೀಲದೊಳಗೆ ಸೇರಿಸಿದ ಪ್ಯಾಂಟು, ಗಂಬೂಟು, ಬಟ್ಟೆ ಮುಚ್ಚದ ಚರ್ಮಕ್ಕೆ ಆರೋಗ್ಯ ಇಲಾಖೆ ಹಂಚುವ ಡೀಪಾ ಎಣ್ಣೆ, ಹಿಂದಿರುಗಿದೊಡನೆ ಸೋಪು ಹಚ್ಚಿ ಬಿಸಿನೀರಿನ ಸ್ನಾನ, ಬಟ್ಟೆಗೂ ಬಿಸಿನೀರು. ಕಚ್ಚಿ ಕುಳಿತ ಉಣುಗನ್ನು ಬೆರಳಲ್ಲಿ ಹಿಸುಕಬಾರದು. ಚಿಮುಟದಿಂದ ಚರ್ಮಕ್ಕೆ ತಾಗಿ ಹಿಡಿದು ನೇರವಾಗಿ ಎಳೆಯಬೇಕು. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು.

‘ಅವರಿಗೇ ಬೂಟು ಬೇಡ, ಜಾರುತ್ತದೆ ಅನ್ನುತ್ತಾರೆ’ ಎಂಬುದು ಊರೂರಲ್ಲಿ ಕೇಳಿಬರುವ ಸಬೂಬು. ಎಲ್ಲರ ಕಾಲಿಗೂ ಒಂದೇ ಅಳತೆಯ ಬೂಟು ತಂದರೆ ಜಾರದೆ ಇನ್ನೇನು? ಒಂದೆರಡು ಕಿಲೋ ಕೆಂಪಡಿಕೆ ಮಾರಿದ ಹಣಕ್ಕೆ ಒಂದು ಜೊತೆ ಗಂಬೂಟು ಬರುತ್ತದೆ. ದರಗಿನ ಕೆಲಸಕ್ಕೆ ದಿನಗೂಲಿ ಗೊತ್ತುಮಾಡುವಾಗಲೇ ಅಂಗಿ, ಬೂಟು, ಎಣ್ಣೆಯ ಮಾತೂ ಆಗಬೇಕು. ಅವನ್ನು ಕೊಡದ ತೋಟಕ್ಕೆ ಬೆಟ್ಟ ಹತ್ತುವುದಿಲ್ಲವೆಂದು ಹೇಳುವ ಹಕ್ಕು ಕೂಲಿಯವರಿಗಿದೆ. ಹಾಗೆ ಹೇಳಿದವರ ಬದಲಿಗೆ ಬೇರೆಯವರನ್ನು ಕರೆಯದಿರುವ ಮರ್ಯಾದೆ ಊರಿಗಿರಲಿ.