ಪುಟ್ಟ ಮಕ್ಕಳಿಗೆ ಕಲಿಸೋಕೂ ಕಾಲೇಜು ಬೇಕಾ? ಬೇಕು ಸ್ವಾಮೀ!

ಹೋದ ತಿಂಗಳು ಡೊಂಬಿವಲಿಯ ಅಕ್ಕನ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತಿಗೆ ಮಾತು ಅಕ್ಕನ ಮಗಳ ಕಡೆ ತಿರುಗಿತು. ಇಲ್ಲಿ ಇಂಜಿನಿಯರಿಂಗ್ ಓದಿದ ಹುಡುಗಿ. ಮದುವೆಯಾಗಿ ಕ್ಯಾಲಿಫೋರ್ನಿಯಾಕ್ಕೆ ಹೋದವಳು ಈಗ ಅಲ್ಲಿನ ಕಮ್ಯುನಿಟಿ ಕಾಲೇಜೊಂದರಲ್ಲಿ ಪುಟ್ಟ ಮಕ್ಕಳ ಶಿಕ್ಷಣ ಓದುತ್ತಿದ್ದಾಳೆ. ಅಂದ್ರೆ ಶಾಲೆಗೆ ಸೇರುವ ಮೊದಲಿನ ಮಕ್ಕಳನ್ನು ನೋಡಿಕೊಂಡು, ಅವರಿಗೆ ಕಲಿಸುವ ವಿದ್ಯೆ.

ಭಾವನ ಗೆಳೆಯರೊಬ್ಬರು ನಕ್ಕೇಬಿಟ್ಟರು. "ಅಲ್ಲ ಮಾರಾಯ್ರೆ, ಆಯಾ ಕೆಲಸ ಕಲಿಯೋದಕ್ಕೆ ಅಮೆರಿಕಾಕ್ಕೆ ಹೋಗ್ಬೇಕಿತ್ತಾ? ನಮ್ಮಮ್ಮ ಏಳು ಮಕ್ಕಳನ್ನು ಸಾಕಿದ್ದು ಯಾವ ಕಾಲೇಜಲ್ಲಿ ಓದಿ?" ಎಲ್ಲರೂ ನಕ್ಕರು. ಅಕ್ಕನ ಮುಖ ಸಣ್ಣದಾಯ್ತು. ನಾನೂ ಬಾಯಿ ಬಿಡಲಿಲ್ಲ. ರಾತ್ರಿ ಲೋಕಲ್‌ನಲ್ಲಿ ವಾಪಸ್ ಬರುವಾಗ ನನ್ನ ಮೇಲೆ ನನಗೇ ಸಿಟ್ಟು ಬಂತು. ಅಲ್ಲಿ ಆಡಬೇಕಿದ್ದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಮ್ಯುನಿಟಿ ಕಾಲೇಜು ಅಂದ್ರೆ ದೊಡ್ಡ ಹೆಸರಿನ ಯೂನಿವರ್ಸಿಟಿ ಅಲ್ಲ. ಸಾಮಾನ್ಯವಾಗಿ ಎರಡು ವರ್ಷದ, ಕಡಿಮೆ ಫೀಸಿನ ಕಾಲೇಜು. 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್ ಊರಿನಲ್ಲಿ ಶುರುವಾದ ಪದ್ಧತಿ. ಕೆಲಸದಲ್ಲಿರುವವರು, ಮಕ್ಕಳೊಂದಿಗರು ಎಲ್ಲ ಅಲ್ಲಿ ಓದುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಅಲ್ಲಿನ ನಿವಾಸಿಗಳಿಗೆ ಒಂದು ಯೂನಿಟ್‌ಗೆ 46 ಡಾಲರ್. ಲೈಸೆನ್ಸ್ ಇರುವ ಪ್ರೀಸ್ಕೂಲಿನಲ್ಲಿ ಪೂರ್ಣ ಅರ್ಹತೆಯ ಟೀಚರ್ ಆಗಲು ಈ ವಿಷಯದಲ್ಲಿ 12 ಯೂನಿಟ್ ಓದಿರಬೇಕು ಅಂತ ಅಲ್ಲಿ ನಿಯಮವೇ ಇದೆ. ಒಬ್ಬ ಟೀಚರಿಗೆ 12 ಮಕ್ಕಳು, ಅದಕ್ಕಿಂತ ಹೆಚ್ಚಿಲ್ಲ.

ಇನ್ನು ಏಳು ಮಕ್ಕಳನ್ನು ಸಾಕಿದ ಅಮ್ಮನ ಮಾತು. ಆ ತಾಯಿಗೆ ನನ್ನದೂ ನಮಸ್ಕಾರ. ಆದರೆ ತನ್ನ ಮಕ್ಕಳನ್ನು ಮನೆಯಲ್ಲಿ ಸಾಕೋದು ಬೇರೆ, ಹನ್ನೆರಡು ಮನೆಗಳಿಂದ ಬಂದ ಹನ್ನೆರಡು ಮಕ್ಕಳನ್ನು ಒಂದೇ ಕೋಣೆಯಲ್ಲಿ ನೋಡಿಕೊಳ್ಳೋದು ಬೇರೆ. ಮನೆಯಲ್ಲಿ ರುಚಿಯಾಗಿ ಸಾರು ಮಾಡುವವರೆಲ್ಲ ಮದುವೆ ಮನೆಯ ಅಡುಗೆಗೆ ಇಳಿಯುತ್ತಾರಾ?

ಏನು ಕಲಿಸ್ತಾರಮ್ಮ ಅಂತ ಫೋನಿನಲ್ಲಿ ಹುಡುಗಿಯನ್ನು ಕೇಳಿದೆ. "ಮಾವ, ಮಗುವನ್ನು ಸುಮ್ಮನೆ ಕೂತು ನೋಡಿ, ನೋಡಿದ್ದನ್ನಷ್ಟೇ ಬರೆಯೋಕೆ ಹೇಳ್ತಾರೆ. 'ಹಠ ಮಾಡಿತು' ಅಂತ ಬರೆದ್ರೆ ಮಾರ್ಕ್ಸ್ ಇಲ್ಲ. 'ಬ್ಲಾಕು ಬಿದ್ದಾಗ ಎರಡು ಸಲ ಮತ್ತೆ ಜೋಡಿಸಿತು, ಮೂರನೇ ಸಲ ಎಸೆಯಿತು' ಅಂತ ಬರೀಬೇಕು" ಅಂದಳು. ನನಗೆ ನನ್ನ ಮಗ ನೆನಪಾದ. ಅವನಿಗೆ 'ಹಠಮಾರಿ' ಅಂತ ಎಷ್ಟು ಸಲ ಹೇಳಿದ್ದೇನೋ! ಅದಕ್ಕೆ ಮೊದಲು ಏನಾಯ್ತು ಅಂತ ಒಂದು ದಿನವೂ ನೋಡಿದವನಲ್ಲ.

ಈಗ ನನ್ನದೇ ತಪ್ಪೊಂದನ್ನು ಹೇಳಬೇಕು. ಸುಮಾರು ಇಪ್ಪತ್ತು ವರ್ಷದ ಹಿಂದೆ ನಾನು ಬ್ರಾಂಚಿನಲ್ಲಿ ಸಾಲದ ಡೆಸ್ಕಿನಲ್ಲಿದ್ದಾಗ ಒಬ್ಬ ಹೆಂಗಸು ಬಾಲವಾಡಿ ಟೀಚರ್ ಕೋರ್ಸಿಗೆ ಸಾಲ ಕೇಳಿಕೊಂಡು ಬಂದರು. ಓದಿದ ಮೇಲೆ ಎಷ್ಟು ಸಂಬಳ ಬರುತ್ತೆ ಅಂತ ಕೇಳಿದೆ. ಅವರು ಹೇಳಿದ ಮೊತ್ತಕ್ಕೆ ಕಂತು ಕೂಡಿಬರುವಂತಿರಲಿಲ್ಲ. ಅರ್ಜಿ ವಾಪಸ್ ಕೊಟ್ಟು ಕಳಿಸಿದೆ. ನಿಯಮದ ಪ್ರಕಾರ ಸರಿಯೇ. ಆದರೆ ಲೆಕ್ಕ ಮಾತ್ರ ತಪ್ಪು.

ಯಾಕೆ ಅಂದ್ರೆ, ಇಲ್ಲಿ ಖರ್ಚು ಮಾಡುವವರು ಒಬ್ಬರು, ಲಾಭ ಪಡೆಯುವವರು ಇನ್ನೊಬ್ಬರು. ಅಮೆರಿಕದ ಮಿಷಿಗನ್ ರಾಜ್ಯದ ಇಪ್ಸಿಲ್ಯಾಂಟಿಯಲ್ಲಿ 1962ರಿಂದ 1967ರವರೆಗೆ ಪೆರಿ ಪ್ರೀಸ್ಕೂಲ್ ಅನ್ನುವ ಪ್ರಯೋಗ ನಡೆಯಿತು. ಬಡ ಕಪ್ಪು ಕುಟುಂಬಗಳ 123 ಮಕ್ಕಳು. ಅವರಲ್ಲಿ 58 ಮಕ್ಕಳಿಗೆ ತರಬೇತಾದ ಟೀಚರುಗಳಿಂದ ಪಾಠ, ಉಳಿದವರಿಗೆ ಇಲ್ಲ. ನಲವತ್ತು ವಯಸ್ಸಿನವರೆಗೂ ಅವರನ್ನು ಹಿಂಬಾಲಿಸಿ ನೋಡಿದರು. ಪ್ರೀಸ್ಕೂಲಿಗೆ ಹೋದವರಲ್ಲಿ ಗಳಿಕೆ ಹೆಚ್ಚು, ಜೈಲು ಕೇಸು ಕಡಿಮೆ. ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ಜೇಮ್ಸ್ ಹೆಕ್‌ಮನ್ ಮತ್ತು ಜೊತೆಗಾರರು ಹಾಕಿದ ಲೆಕ್ಕದಲ್ಲಿ ಹೂಡಿದ ಹಣಕ್ಕೆ ಸಮಾಜಕ್ಕೆ ವರ್ಷಕ್ಕೆ ಶೇ. 7ರಿಂದ 10 ಪ್ರತಿಫಲ. ಪ್ರಯೋಗ ಚಿಕ್ಕದು, ಒಪ್ಪುತ್ತೇನೆ. ಆದರೂ ಯಾವ ಎಫ್‌ಡಿ ಇಷ್ಟು ವರ್ಷ ಹೀಗೆ ಕೊಡುತ್ತೆ ಹೇಳಿ?

ಆ ಪ್ರತಿಫಲದಲ್ಲಿ ಟೀಚರಿಗೆ ಸಿಗೋದು ಚೂರು. ಅಮೆರಿಕವನ್ನೇ ಹೊಗಳಿ ಕೂರುವವನಲ್ಲ ನಾನು. ಅಲ್ಲೂ 2023ರ ಲೆಕ್ಕದಲ್ಲಿ ಮಕ್ಕಳನ್ನು ನೋಡಿಕೊಳ್ಳುವವರ ಮಧ್ಯಮ ಗಳಿಕೆ ಗಂಟೆಗೆ 15 ಡಾಲರಿಗೂ ಕಡಿಮೆ. ಓದಬೇಕು ಅನ್ನುತ್ತಾರೆ, ಓದಿದವರಿಗೆ ತಕ್ಕ ಸಂಬಳ ಕೊಡಲ್ಲ.

ನಮ್ಮಲ್ಲಿ? 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ದೇಶದ 33 ಕಡೆಗಳಲ್ಲಿ ನಮ್ಮ ಟಿ. ನರಸೀಪುರವೂ ಒಂದು. ಅಂದಿನಿಂದ ಅಂಗನವಾಡಿ ಕಾರ್ಯಕರ್ತೆ ತೂಕ ನೋಡುತ್ತಾಳೆ, ಊಟ ಹಾಕಿಸುತ್ತಾಳೆ, ರಿಜಿಸ್ಟರ್ ಬರೆಯುತ್ತಾಳೆ, ಪಾಠವನ್ನೂ ಹೇಳುತ್ತಾಳೆ. 2018ರಲ್ಲಿ ಕೇಂದ್ರ ಸರ್ಕಾರ ಅವಳ ತಿಂಗಳ ಮೊತ್ತವನ್ನು 3,000ದಿಂದ 4,500 ರೂಪಾಯಿಗೆ ಏರಿಸಿತು. ರಾಜ್ಯಗಳು ತಮ್ಮ ಪಾಲು ಸೇರಿಸುತ್ತವೆ. ಅದಕ್ಕೆ ಹೆಸರು 'ಗೌರವಧನ'! ಸಂಬಳ ಕೊಡಲು ಮನಸ್ಸಿಲ್ಲದಾಗ ಗೌರವ ಕೊಡೋದು ನಮ್ಮ ಹಳೇ ಚಾಳಿ. ಅವರಿಗೂ ಗ್ರಾಚ್ಯುಟಿ ಹಕ್ಕಿದೆ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. 2020ರ ಶಿಕ್ಷಣ ನೀತಿಯಲ್ಲಿ, ಹನ್ನೆರಡನೇ ತರಗತಿ ಮುಗಿಸಿದ ಕಾರ್ಯಕರ್ತೆಯರಿಗೆ ಆರು ತಿಂಗಳ ಸರ್ಟಿಫಿಕೇಟ್, ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ವರ್ಷದ ಡಿಪ್ಲೊಮಾ ಅಂತ ಬರೆದಿದ್ದಾರೆ. ಒಳ್ಳೆಯದೇ. ಆದರೆ ಓದಿನ ಜೊತೆಗೆ ಸಂಬಳವೂ ಏರದಿದ್ದರೆ ಅದು ಇನ್ನೊಂದು ಹೊರೆ ಅಷ್ಟೇ.

ಇದೆಲ್ಲ ಪರದೇಶದ ಫ್ಯಾಶನ್ ಅನ್ನುವವರು ಡಹಾಣು ಕಡೆ ಹೋಗಿ ಬನ್ನಿ. 1945ರಲ್ಲಿ ಬೋರ್ಡಿಯಲ್ಲಿ ತಾರಾಬಾಯಿ ಮೋಡಕ್ ಗ್ರಾಮ ಬಾಲಶಿಕ್ಷಾ ಕೇಂದ್ರ ಶುರು ಮಾಡಿದರು. ಅನುತಾಯಿ ವಾಘ್ ಜೊತೆಗೂಡಿದರು. ಮುಂದೆ ಕೋಸಬಾಡದ ಆದಿವಾಸಿ ಮಕ್ಕಳ ನಡುವೆ ಆ ಕೆಲಸ ಬೆಳೆಯಿತು. ಪುಟ್ಟ ಮಕ್ಕಳಿಗೆ ಕಲಿಸೋದು ಒಂದು ವಿದ್ಯೆ, ಅದನ್ನು ಕಲಿತೇ ಮಾಡಬೇಕು ಅಂತ ಆ ಇಬ್ಬರು ಆಗಲೇ ತಿಳಿದಿದ್ದರು. ನಾವು ಮುಂಬೈಯಲ್ಲಿ ಇಷ್ಟು ವರ್ಷ ಇದ್ದೂ ತಿಳಿದುಕೊಂಡಿಲ್ಲ.

ಹತ್ತನೇ ಕ್ಲಾಸಿನ ಕೋಚಿಂಗ್ ಸರ್ ಎಲ್ಲಿ ಓದಿದ್ದಾರೆ ಅಂತ ಹತ್ತು ಜನರ ಹತ್ತಿರ ವಿಚಾರಿಸುತ್ತೇವೆ. ಮೂರು ವರ್ಷದ ಮೊಮ್ಮಗಳನ್ನು ಪ್ಲೇ ಸ್ಕೂಲಿಗೆ ಸೇರಿಸುವಾಗ ಎಸಿ ಇದೆಯಾ, ವ್ಯಾನ್ ಬರುತ್ತಾ ಅಂತಷ್ಟೇ ಕೇಳುತ್ತೇವೆ. ಮುಂದಿನ ಸಲ ಎರಡು ಪ್ರಶ್ನೆ ಜಾಸ್ತಿ ಕೇಳಿ: ಟೀಚರ್ ಏನು ಓದಿದ್ದಾರೆ? ನಮ್ಮ ಫೀಸಿನಲ್ಲಿ ಅವರಿಗೆ ಎಷ್ಟು ಕೊಡ್ತೀರಿ?

ಅಕ್ಕನಿಗೆ ನಿನ್ನೆ ಫೋನ್ ಮಾಡಿ, ಅಂದು ಸುಮ್ಮನಿದ್ದದ್ದು ತಪ್ಪಾಯ್ತು ಅಂದೆ. ಭಾವನ ಗೆಳೆಯರು ಇದನ್ನು ಓದಿದರೆ ಬೇಜಾರು ಮಾಡ್ಕೋಬಾರದು. ಮುಂದಿನ ಪೂಜೆಗೆ ನಾನೂ ಬರ್ತೇನೆ, ಮಾತು ಮುಂದುವರಿಸೋಣ.